ಯಂತ್ರ ಎಷ್ಟು ದಿನದ್ದನ್ನು ನೆನಪಿಡಬೇಕು?

ಎರಡನೇ ಮಹಾಯುದ್ಧದ ದಿನಗಳಲ್ಲಿ ರಾಬರ್ಟ್ ಜಿ. ಬ್ರೌನ್ ಎಂಬ ತರುಣ ಅಮೆರಿಕದ ನೌಕಾಪಡೆಗೆ ವಿಶ್ಲೇಷಕರಾಗಿ ಕೆಲಸ ಮಾಡುತ್ತಿದ್ದರು. ನೀರಿನಡಿ ಓಡುವ ಶತ್ರುವಿನ ಜಲಾಂತರ್ಗಾಮಿ ಇನ್ನೊಂದು ಗಳಿಗೆಗೆ ಎಲ್ಲಿರುತ್ತದೆ ಎಂದು ಹೇಳುವುದು ಅವರ ಮುಂದಿದ್ದ ಸಮಸ್ಯೆ. ಹಡಗಿಗೆ ಸಿಗುವ ಒಂದೊಂದು ಸುಳಿವಿನಲ್ಲೂ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ಕೊನೆಯ ಸುಳಿವನ್ನಷ್ಟೇ ನಂಬಿದರೆ ಆ ತಪ್ಪಿನ ಬೆನ್ನು ಹತ್ತಿದಂತಾಗುತ್ತದೆ. ಸಿಕ್ಕ ಸುಳಿವುಗಳಿಗೆಲ್ಲ ಒಂದೇ ಬೆಲೆ ಕಟ್ಟಿ ಸರಾಸರಿ ತೆಗೆಯುವಷ್ಟರಲ್ಲಿ ಜಲಾಂತರ್ಗಾಮಿ ದಿಕ್ಕು ಬದಲಿಸಿರುತ್ತದೆ. ಬ್ರೌನ್ ನಡುವಿನ ದಾರಿ ಹಿಡಿದರು. ಹೊಸ ಸುಳಿವಿಗೆ ಹೆಚ್ಚು ತೂಕ, ಅದರ ಹಿಂದಿನದಕ್ಕೆ ಸ್ವಲ್ಪ ಕಡಿಮೆ, ಅದಕ್ಕೂ ಹಿಂದಿನದಕ್ಕೆ ಇನ್ನೂ ಕಡಿಮೆ. ಯಾವುದನ್ನೂ ಒಮ್ಮೆಲೇ ಕೈಬಿಡುವುದಿಲ್ಲ, ಹಳೆಯದಾದಷ್ಟೂ ಅದರ ಮಾತು ನಡೆಯುವುದು ಕಡಿಮೆಯಾಗುತ್ತ ಹೋಗುತ್ತದೆ. ಈ ಲೆಕ್ಕವನ್ನು ಮಾಡಿದ್ದು ಗುಂಡು ಮತ್ತು ತಟ್ಟೆಗಳನ್ನು ಜೋಡಿಸಿದ್ದ ಒಂದು ಯಾಂತ್ರಿಕ ಸಾಧನ.

ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಅದೇ ಲೆಕ್ಕ ನೌಕಾಪಡೆಯ ಗೋದಾಮುಗಳಿಗೆ ಬಂತು. ಲೆಕ್ಕವಿಲ್ಲದಷ್ಟು ಬಗೆಯ ಬಿಡಿಭಾಗಗಳು, ಮುಂದಿನ ತಿಂಗಳು ಯಾವುದು ಎಷ್ಟು ಬೇಕಾದೀತೆಂದು ಹೇಳಬೇಕು. ಒಂದೊಂದರ ಹಿಂದಿನ ತಿಂಗಳುಗಳ ಖರ್ಚನ್ನೆಲ್ಲ ಕೂಡಿಡುವುದು ಆಗಿನ ಕಾಲಕ್ಕೆ ದುಬಾರಿ ಕೆಲಸ. ಬ್ರೌನ್ ವಿಧಾನಕ್ಕೆ ಒಂದೇ ಒಂದು ಸಂಖ್ಯೆ ಸಾಕಿತ್ತು, ಹಿಂದಿನ ಅಂದಾಜು. ಇಡೀ ಇತಿಹಾಸ ಅದರೊಳಗೇ ಅಡಗಿರುತ್ತಿತ್ತು. 1956ರಲ್ಲಿ ಬ್ರೌನ್ ಇದನ್ನು ಪ್ರಕಟಿಸಿದರು, 1959ರಲ್ಲಿ ಪುಸ್ತಕ ಬರೆದರು. 1957ರಲ್ಲಿ ಚಾರ್ಲ್ಸ್ ಹೋಲ್ಟ್ ಇದಕ್ಕೆ ಏರಿಳಿತದ ದಿಕ್ಕನ್ನು ಸೇರಿಸಿದರು; 1960ರಲ್ಲಿ ಪೀಟರ್ ವಿಂಟರ್ಸ್ ಋತುಮಾನದ ಲೆಕ್ಕವನ್ನೂ ಕೂಡಿಸಿ ಅದನ್ನು ಪರೀಕ್ಷಿಸಿ ತೋರಿಸಿದರು. ಕೃತಕ ಬುದ್ಧಿಮತ್ತೆ ಎಂಬ ಹೆಸರಿನಲ್ಲಿ ಇಂದು ಮಾರಾಟವಾಗುವ ಎಷ್ಟೋ ಬೇಡಿಕೆ ಅಂದಾಜಿನ ಸಾಫ್ಟ್‌ವೇರ್‌ಗಳ ಒಳಗೆ ಈ ಮೂವರ ಲೆಕ್ಕ ಇನ್ನೂ ದಿನವೂ ಓಡುತ್ತಿದೆ.

ಅದು ಹೇಗೆ ಓಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಮಲ್ಲೇಶ್ವರದಲ್ಲಿ ಒಂದು ಪುಟ್ಟ ಅಂಗಡಿ ಇದೆ ಎಂದುಕೊಳ್ಳೋಣ. ಅಲ್ಲಿ ದಿನಕ್ಕೆ 40 ಪ್ಯಾಕೆಟ್ ದೋಸೆ ಹಿಟ್ಟು ಖರ್ಚಾಗುತ್ತದೆಂದು ಅಂಗಡಿಯವರ ಆಪ್ ಅಂದಾಜು ಮಾಡಿದೆ. ಇವತ್ತು 60 ಹೋಯಿತು. ಅಂದಾಜು ತಪ್ಪಿದ್ದು 20ರಿಂದ. ಈ 20ರಲ್ಲಿ ಐದನೇ ಒಂದು ಪಾಲನ್ನು ಮಾತ್ರ ನಂಬುವಂತೆ ಆಪ್ ಅನ್ನು ಹೊಂದಿಸಿದ್ದರೆ ನಾಳೆಯ ಅಂದಾಜು 44. ಅರ್ಧ ಪಾಲು ನಂಬುವಂತೆ ಹೊಂದಿಸಿದ್ದರೆ 50. ಯಂತ್ರದ ನೆನಪಿನ ಉದ್ದವನ್ನು ನಿರ್ಧರಿಸುವುದು ಈ ಒಂದು ಅಂಕಿ. ಐದನೇ ಒಂದು ಎಂದಾದರೆ ಇವತ್ತಿನ ಮಾರಾಟಕ್ಕೆ ಶೇ 20ರಷ್ಟು ತೂಕ, ನಿನ್ನೆಯದಕ್ಕೆ ಶೇ 16, ಮೊನ್ನೆಯದಕ್ಕೆ ಶೇ 12.8, ವಾರದ ಹಿಂದಿನದಕ್ಕೆ ಶೇ 4ಕ್ಕಿಂತ ತುಸು ಹೆಚ್ಚು, ತಿಂಗಳ ಹಿಂದಿನದು ಇದ್ದೂ ಇಲ್ಲದಂತೆ. ಅರ್ಧ ಎಂದಾದರೆ ಹತ್ತೇ ದಿನದಲ್ಲಿ ಹಳೆಯದೆಲ್ಲ ಅಳಿಸಿಹೋಗುತ್ತದೆ.

44 ಸರಿಯೋ 50 ಸರಿಯೋ? ಪಕ್ಕದ ರಸ್ತೆಯಲ್ಲಿ ಹೊಸದಾಗಿ ಪಿಜಿ ಶುರುವಾಗಿದ್ದರೆ 50 ಕೂಡ ಸಾಲದು. ಯಾರದೋ ಮನೆಗೆ ನೆಂಟರು ಬಂದು ಒಟ್ಟಿಗೆ 20 ಪ್ಯಾಕೆಟ್ ಒಯ್ದಿದ್ದರೆ 44 ಕೂಡ ಜಾಸ್ತಿ, ಉಳಿದ ಹಿಟ್ಟು ಹುಳಿಯಾಗುತ್ತದೆ. ಎರಡರಲ್ಲಿ ಯಾವುದು ನಡೆಯಿತು ಎಂಬುದು 60 ಎಂಬ ಅಂಕಿಯನ್ನು ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ. ಬದಲಾವಣೆಯನ್ನೂ ಗದ್ದಲವನ್ನೂ ಬೇರೆ ಮಾಡಲು ಒಂದೋ ಇನ್ನಷ್ಟು ದಿನ ಕಾಯಬೇಕು, ಇಲ್ಲವೇ ಅಂಗಡಿಯಿಂದ ಹೊರಗೆ ಬಂದು ರಸ್ತೆಯ ಕಡೆ ನೋಡಬೇಕು. ಕೋಟ್ಯಂತರ ರೂಪಾಯಿ ಸುರಿದು ಕಟ್ಟಿದ ಮಾದರಿಗಳಿಗೂ ಈ ವಿಷಯದಲ್ಲಿ ಅಂಗಡಿಯವರಿಗಿಂತ ಹೆಚ್ಚಿನ ಅನುಕೂಲವೇನೂ ಇಲ್ಲ.

ಹಣಕಾಸು ಲೋಕ ನೆನಪಿನ ಉದ್ದವನ್ನು ನಿರ್ಧರಿಸುವ ಅಂಕಿಯನ್ನು ಒಂದು ಮಾನಕವನ್ನಾಗಿಯೇ ಮಾಡಿತು. ಜೆ.ಪಿ. ಮಾರ್ಗನ್ ಬ್ಯಾಂಕ್ 1994ರಲ್ಲಿ ರಿಸ್ಕ್‌ಮೆಟ್ರಿಕ್ಸ್ ಎಂಬ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಷೇರು, ಬಾಂಡ್, ಕರೆನ್ಸಿಗಳ ದಿನದ ಏರಿಳಿತವನ್ನು ಅಳೆಯಲು ಅದು ಸೂಚಿಸಿದ ಗುಣಕ 0.94. ಅಂದರೆ ಪ್ರತಿ ದಿನ ಕಳೆದಂತೆ ಹಳೆಯ ಅನುಭವದ ತೂಕ ಶೇ 6ರಷ್ಟು ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ, ಇಂಥ ಯಂತ್ರದ ನೆನಪಿನಲ್ಲಿ ಅರ್ಧದಷ್ಟು ತೂಕ ಕಳೆದ 11 ವಹಿವಾಟಿನ ದಿನಗಳಿಗೆ ಸಲ್ಲುತ್ತದೆ. ಶೇ 99ರಷ್ಟು ತೂಕ 74 ದಿನಗಳೊಳಗೇ ಮುಗಿದುಹೋಗುತ್ತದೆ. ಮೂರೂವರೆ ತಿಂಗಳಿನಿಂದ ಮಾರುಕಟ್ಟೆ ಶಾಂತವಾಗಿದ್ದರೆ ಈ ಯಂತ್ರದ ಪಾಲಿಗೆ ಜಗತ್ತು ಯಾವಾಗಲೂ ಶಾಂತವಾಗಿಯೇ ಇತ್ತು.

ಇದರಿಂದ ಲಾಭವೂ ಇತ್ತು. ಪೇಟೆ ಬಿಸಿಯಾದ ಕೂಡಲೇ ಯಂತ್ರ ಎಚ್ಚರಗೊಳ್ಳುತ್ತಿತ್ತು. ಆದರೆ 2007ರ ಹೊತ್ತಿಗೆ ಇದರ ಇನ್ನೊಂದು ಮುಖ ಕಾಣಿಸಿತು. ಆ ಮುಂಚಿನ ಕೆಲವು ವರ್ಷ ಪೇಟೆಯಲ್ಲಿ ಅಲೆಯೇ ಇರಲಿಲ್ಲ. ಬ್ಯಾಂಕುಗಳ ಅಪಾಯದ ಲೆಕ್ಕ ಹೆಚ್ಚಾಗಿ ಇತ್ತೀಚಿನ ಅವಧಿಯನ್ನೇ ನೆಚ್ಚಿಕೊಂಡಿದ್ದರಿಂದ ಅಪಾಯ ತೀರ ಸಣ್ಣದು ಎಂದು ತೋರುತ್ತಿತ್ತು. 2007ರ ಆಗಸ್ಟ್‌ನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಹಣಕಾಸು ಮುಖ್ಯಸ್ಥ ಡೇವಿಡ್ ವಿನಿಯರ್, ತಾವು ಸತತ ಹಲವು ದಿನ ಕಂಡದ್ದು ಇಪ್ಪತ್ತೈದು ಪ್ರಮಾಣ ವಿಚಲನೆಗಳಷ್ಟು ದೊಡ್ಡ ಏರಿಳಿತ ಎಂದರು. ಗಂಟೆಯಾಕಾರದ ವಕ್ರರೇಖೆಯ ಪ್ರಕಾರ ಅಂಥದ್ದು ವಿಶ್ವದ ಇಡೀ ಆಯುಷ್ಯದಲ್ಲಿ ಒಮ್ಮೆಯೂ ನಡೆಯಬಾರದು. ನಡೆದದ್ದು ಅಸಾಧ್ಯವಾದದ್ದೇನಲ್ಲ. ಅಳತೆಗೋಲು ಸಿದ್ಧವಾಗಿದ್ದು ಶಾಂತಿಕಾಲದಲ್ಲಿ, ಅಷ್ಟೇ.

ಬ್ಯಾಂಕ್ ನಿಯಂತ್ರಕರ ಬಾಸೆಲ್ ಸಮಿತಿ 2009ರಲ್ಲಿ ಇದಕ್ಕೆ ಕೊಟ್ಟ ಉತ್ತರ ನಮ್ಮ ಪ್ರಶ್ನೆಯ ಮಟ್ಟಿಗೆ ಬಹಳ ಮುಖ್ಯವಾದದ್ದು. ನೆನಪನ್ನು ಉದ್ದ ಮಾಡಿ ಎಂದು ಅದು ಹೇಳಲಿಲ್ಲ. ಹಾಗೆ ಮಾಡಿದ್ದರೆ ಯಂತ್ರ ಮಂದವಾಗುತ್ತಿತ್ತು. ಇತ್ತೀಚಿನ ಅವಧಿಯ ಲೆಕ್ಕ ಇರುವ ಹಾಗೆಯೇ ಇರಲಿ, ಅದರ ಜೊತೆಗೆ ಬ್ಯಾಂಕು ಅತಿ ಹೆಚ್ಚು ನರಳಿದ ಹನ್ನೆರಡು ತಿಂಗಳನ್ನು ಇತಿಹಾಸದಿಂದ ಎತ್ತಿಕೊಂಡು, ಅದೇ ಸ್ಥಿತಿ ನಾಳೆ ಮರಳಿದರೆ ಏನಾದೀತು ಎಂಬ ಎರಡನೇ ಲೆಕ್ಕವನ್ನೂ ಹಾಕಿ ಎಂದಿತು. ಉದಾಹರಣೆಯಾಗಿ ಸೂಚಿಸಿದ್ದು 2007–08ರ ಅವಧಿಯನ್ನು. ಕೆಟ್ಟ ವರ್ಷಕ್ಕೆ ಎಷ್ಟು ವಯಸ್ಸಾದರೂ ಅದರ ತೂಕ ಕರಗುವುದಿಲ್ಲ. ಹಳೆಯದನ್ನು ಸರಾಸರಿಯಲ್ಲಿ ಕಲಸಿಬಿಡದೆ ಬೇರೆಯಾಗಿ ಕಾಪಿಟ್ಟುಕೊಳ್ಳಬಹುದು ಎಂಬ ಈ ತಿಳಿವಳಿಕೆ ಬೇರೆ ಉದ್ಯಮಗಳಿಗೆ ಇನ್ನೂ ಪೂರ್ತಿಯಾಗಿ ಹಬ್ಬಿಲ್ಲ.

ಅಮೆರಿಕದ ಮನೆ ಮಾರಾಟದ ಜಾಲತಾಣ ಜಿಲ್ಲೋ ಕತೆಯನ್ನೇ ನೋಡಬಹುದು. 2006ರಿಂದ ಅದು ಊರೂರಿನ ಮನೆಗಳಿಗೆ ತಂತ್ರಾಂಶದಿಂದಲೇ ಬೆಲೆ ಕಟ್ಟಿ ತೋರಿಸುತ್ತಿತ್ತು. 2018ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ತಾನೇ ಮನೆಗಳನ್ನು ಕೊಂಡು, ಸಣ್ಣಪುಟ್ಟ ದುರಸ್ತಿ ಮಾಡಿಸಿ, ಕೆಲವು ತಿಂಗಳಲ್ಲಿ ಮಾರುವ ವ್ಯವಹಾರಕ್ಕೆ ಇಳಿಯಿತು. ಇಂದಿನ ಬೆಲೆ ಗೊತ್ತಿದ್ದರೆ ಈ ವ್ಯವಹಾರಕ್ಕೆ ಸಾಲದು, ಮಾರುವ ಹೊತ್ತಿನ ಬೆಲೆ ಗೊತ್ತಿರಬೇಕು. 2021ರ ಮೊದಲ ಭಾಗದಲ್ಲಿ ಅಲ್ಲಿ ಮನೆ ಬೆಲೆ ಹಿಂದೆಂದೂ ಕಾಣದ ವೇಗದಲ್ಲಿ ಏರುತ್ತಿತ್ತು. ಆ ಏರಿಕೆಯ ಕಾಲದಲ್ಲಿ ಕಟ್ಟಿದ ಅಂದಾಜಿನ ಮೇಲೆ ಬೇಸಿಗೆಯಲ್ಲಿ ಸಾವಿರಾರು ಮನೆಗಳನ್ನು ಕೊಂಡರು. ಏರಿಕೆಯ ವೇಗ ತಗ್ಗಿತು. ದುರಸ್ತಿಗೆ ಕೆಲಸಗಾರರು ಸಿಗದೆ ಮನೆಗಳು ಕೈಯಲ್ಲೇ ಉಳಿದವು. 2021ರ ನವೆಂಬರ್ 2ರಂದು ಕಂಪನಿ ಈ ವಿಭಾಗವನ್ನೇ ಮುಚ್ಚುವುದಾಗಿ ಹೇಳಿತು. ಸೆಪ್ಟೆಂಬರ್‌ಗೆ ಮುಗಿದ ಒಂದೇ ತ್ರೈಮಾಸಿಕದಲ್ಲಿ ಮನೆಗಳ ಮೌಲ್ಯದಲ್ಲಿ ಕಡಿದುಹಾಕಿದ ಮೊತ್ತ 30.4 ಕೋಟಿ ಡಾಲರ್. ಕೆಲಸ ಕಳೆದುಕೊಂಡವರು ಸಿಬ್ಬಂದಿಯ ನಾಲ್ಕನೇ ಒಂದು ಭಾಗ. ಮನೆ ಬೆಲೆಯ ಮುನ್ನೋಟ ತಾವು ಎಣಿಸಿದ್ದಕ್ಕಿಂತ ಬಹಳ ಅನಿಶ್ಚಿತ ಎಂದು ಮುಖ್ಯಸ್ಥ ರಿಚ್ ಬಾರ್ಟನ್ ಒಪ್ಪಿಕೊಂಡರು.

ಇದನ್ನು ಕೇವಲ ಯಂತ್ರದ ತಪ್ಪು ಎನ್ನುವುದು ಸರಿಯಲ್ಲ, ಏಕೆಂದರೆ ಮನುಷ್ಯರೂ ಅದೇ ಕಾಲದಲ್ಲಿ ಅದೇ ತಪ್ಪು ಮಾಡಿದರು. ಆನ್‌ಲೈನ್ ಅಂಗಡಿಗಳಿಗೆ ತಂತ್ರಾಂಶ ಒದಗಿಸುವ ಕೆನಡಾದ ಶಾಪಿಫೈ ಕಂಪನಿಯ ಟೋಬಿ ಲುಟ್ಕೆ 2022ರ ಜುಲೈನಲ್ಲಿ ಸಿಬ್ಬಂದಿಗೆ ಪತ್ರ ಬರೆದರು. ಕೋವಿಡ್ ಕಾಲದಲ್ಲಿ ಆನ್‌ಲೈನ್ ವ್ಯಾಪಾರದ ಪಾಲು ಐದೋ ಹತ್ತೋ ವರ್ಷದಷ್ಟು ಮುಂದಕ್ಕೆ ಜಿಗಿದು ಅಲ್ಲೇ ನಿಲ್ಲುತ್ತದೆ ಎಂದು ತಾವು ಪಣ ಕಟ್ಟಿದ್ದು ಫಲಿಸಲಿಲ್ಲ, ಅದು ಹಳೆಯ ಗೆರೆಗೇ ಮರಳುತ್ತಿದೆ ಎಂಬುದು ಅದರ ಸಾರ. ಸುಮಾರು ಶೇ 10ರಷ್ಟು ಜನರನ್ನು ತೆಗೆದರು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿ ಸರಣಿಯ ದಾಸ್ತಾನು ಹಿಂದಿನ ವರ್ಷಕ್ಕಿಂತ ಶೇ 43ರಷ್ಟು ಹೆಚ್ಚಿತ್ತು. ಲಾಕ್‌ಡೌನ್‌ನಲ್ಲಿ ಮನೆಯೊಳಗಿದ್ದ ಜನ ಕೊಂಡ ಸಾಮಾನನ್ನೇ ಹೊರಗೆ ಬಂದ ಮೇಲೂ ಕೊಳ್ಳುತ್ತಾರೆ ಎಂದು ತರಿಸಿದ್ದ ಸರಕು ಅದರಲ್ಲಿ ಬಹಳವಿತ್ತು.

ಹಾಗಾದರೆ ಇತ್ತೀಚಿನದನ್ನು ಕಡಿಮೆ ನಂಬಿ, ಹಳೆಯದನ್ನು ಹೆಚ್ಚು ನಂಬಬೇಕೇ? ಹಾಗೆ ನಂಬಿದ್ದರೆ 2016ರಲ್ಲಿ ಶುರುವಾದ ಯುಪಿಐಯನ್ನು ಕಣ್ಣಿಗೆ ಕಾಣದ ಗೆರೆ ಎಂದು ಬದಿಗೆ ಸರಿಸಬೇಕಾಗುತ್ತಿತ್ತು. ಎಷ್ಟು ದಿನದ ನೆನಪು ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಹುಡುಕುವುದೇ ಇಲ್ಲಿನ ತೊಡಕು. ಒಂದೇ ಡೇಟಾದೊಳಗೆ ಬೇಗ ಹಳಸುವ ಸಂಗತಿಗಳೂ ಇರುತ್ತವೆ, ದಶಕಗಳ ಕಾಲ ಹಳಸದವೂ ಇರುತ್ತವೆ. ಇದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟದ್ದು ಒಂದು ಸಿನಿಮಾ ಸ್ಪರ್ಧೆ.

ನೆಟ್‌ಫ್ಲಿಕ್ಸ್ ಕಂಪನಿ 2006ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಯಾವ ಗ್ರಾಹಕ ಯಾವ ಸಿನಿಮಾಕ್ಕೆ ಎಷ್ಟು ನಕ್ಷತ್ರ ಕೊಡುತ್ತಾನೆ ಎಂಬುದನ್ನು ತನ್ನ ಯಂತ್ರಕ್ಕಿಂತ ಶೇ 10ರಷ್ಟು ಚೆನ್ನಾಗಿ ಊಹಿಸಿದವರಿಗೆ ಅದು ಸಿಗುತ್ತಿತ್ತು. ಸ್ಪರ್ಧಿಗಳಿಗೆ ಕೊಟ್ಟದ್ದು ಆರು ವರ್ಷಗಳಲ್ಲಿ ಸಂಗ್ರಹವಾದ ಹತ್ತು ಕೋಟಿಗೂ ಹೆಚ್ಚು ರೇಟಿಂಗ್, 4.8 ಲಕ್ಷ ಗ್ರಾಹಕರು, 17,770 ಸಿನಿಮಾಗಳು. ಜನರ ಅಭಿರುಚಿ ಬದಲಾಗುತ್ತದೆ, ಆದ್ದರಿಂದ ಹಳೆಯ ರೇಟಿಂಗ್‌ಗಳಿಗೆ ತೂಕ ಕಡಿಮೆ ಮಾಡಬೇಕು ಎಂಬುದು ಯಾರಿಗಾದರೂ ಹೊಳೆಯುವ ಉಪಾಯ. ಗೆದ್ದ ತಂಡದಲ್ಲಿದ್ದ ಯೆಹುದಾ ಕೊರೆನ್ ಇದನ್ನು ಪರೀಕ್ಷಿಸಿದರು. ಹಳೆಯದರ ತೂಕ ಇಳಿಸಿದಷ್ಟೂ ಊಹೆ ಕೆಟ್ಟಿತು. ತೂಕ ಇಳಿಸುವುದನ್ನೇ ಕೈಬಿಟ್ಟಾಗ ಫಲಿತಾಂಶ ಅತ್ಯುತ್ತಮವಾಗಿತ್ತು! ಹಾಗೆಂದು ಕಾಲಕ್ಕೆ ಬೆಲೆಯಿಲ್ಲವೆಂದಲ್ಲ. 2009ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಕಾಲದ ಗುರುತುಗಳು ಎದ್ದು ಕಾಣುತ್ತವೆ. 2004ರ ಆರಂಭದಲ್ಲಿ ಎಲ್ಲ ರೇಟಿಂಗ್‌ಗಳ ಸರಾಸರಿ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದಿತ್ತು. ಸಿನಿಮಾ ಹಳೆಯದಾದಷ್ಟೂ ಅದಕ್ಕೆ ಸಿಗುವ ಅಂಕ ಏರುತ್ತಿತ್ತು. ಒಬ್ಬನೇ ಗ್ರಾಹಕ ಒಂದು ದಿನ ಉದಾರಿ, ಇನ್ನೊಂದು ದಿನ ಜಿಪುಣ.

ಕೊರೆನ್ ಮಾಡಿದ್ದು ಇಷ್ಟು: ಬೇಗ ಬದಲಾಗುವುದನ್ನೂ ನಿಧಾನವಾಗಿ ಬದಲಾಗುವುದನ್ನೂ ಬಿಡಿಸಿ ಬೇರೆ ಬೇರೆ ಬರೆದರು. ಗ್ರಾಹಕನ ಆ ದಿನದ ಲಹರಿಗೆ ಒಂದು ಪದ, ಅವನ ವರ್ಷಗಳ ಹೊರಳುವಿಕೆಗೆ ಇನ್ನೊಂದು, ಸಿನಿಮಾದ ವಯಸ್ಸಿಗೆ ಮತ್ತೊಂದು. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು, ಇಂಥ ಸಿನಿಮಾ ಇಷ್ಟಪಟ್ಟವರಿಗೆ ಅಂಥದ್ದೂ ಇಷ್ಟವಾಗುತ್ತದೆ ಎಂಬ ನಂಟು. ಆ ನಂಟನ್ನು ಐದು ವರ್ಷ ಹಿಂದಿನ ರೇಟಿಂಗ್ ಕೂಡ ನಿನ್ನೆಯದರಷ್ಟೇ ಚೆನ್ನಾಗಿ ಹೇಳುತ್ತದೆ. ಹಳೆಯದೆಂದು ಎಸೆದಿದ್ದರೆ ಈ ಚಿನ್ನವೂ ಕಸದ ಜೊತೆಗೇ ಹೋಗುತ್ತಿತ್ತು. ಇತ್ತೀಚಿನ ಮತ್ತು ಹಳೆಯ ಡೇಟಾದ ಬಗ್ಗೆ ಕಳೆದ ಎರಡು ದಶಕಗಳಲ್ಲಿ ಯಾರಾದರೂ ಒಂದೇ ಒಂದು ಪ್ರಬಂಧ ಓದಬೇಕೆಂದಿದ್ದರೆ ಇದನ್ನು ಓದಬೇಕು.

ಅಂಗಡಿ ವ್ಯಾಪಾರಕ್ಕೂ ಇದು ಹೊಂದುತ್ತದೆ. ಒಂದು ಸಾಬೂನು ಈ ವಾರ ಒಟ್ಟು ಎಷ್ಟು ಹೋಗುತ್ತಿದೆ ಎಂಬುದು ಬೇಗ ಬದಲಾಗುತ್ತದೆ. ಭಾನುವಾರದ ಮಾರಾಟ ಮಂಗಳವಾರಕ್ಕಿಂತ ಎಷ್ಟು ಪಟ್ಟು ಎಂಬುದು ನಿಧಾನ. ಬೇಸಿಗೆಯಲ್ಲಿ ಮಜ್ಜಿಗೆ ಹೆಚ್ಚು ಹೋಗುವುದು ಇನ್ನೂ ನಿಧಾನ. 2020ರಲ್ಲಿ ನಡೆದ ಎಂ5 ಎಂಬ ಮುನ್ನೋಟ ಸ್ಪರ್ಧೆಯಲ್ಲಿ ವಾಲ್‌ಮಾರ್ಟ್‌ನ ಹತ್ತು ಅಂಗಡಿಗಳ 3,049 ಸರಕುಗಳ ದಿನದಿನದ ಮಾರಾಟವನ್ನು ಕೊಡಲಾಗಿತ್ತು. ಮೇಲಿನ ಸಾಲಿನಲ್ಲಿ ಬಂದವರು ಕಳೆದ ವಾರದ ಸರಾಸರಿ, ಕಳೆದ ನಾಲ್ಕು ವಾರದ ಸರಾಸರಿ, ಬೆಲೆ, ಹಬ್ಬ, ವಾರದ ದಿನ ಇವೆಲ್ಲವನ್ನೂ ಒಟ್ಟಿಗೆ ಯಂತ್ರದ ಮುಂದಿಟ್ಟು, ಯಾವುದಕ್ಕೆ ಎಲ್ಲಿ ಎಷ್ಟು ತೂಕ ಎಂಬುದನ್ನು ಅದೇ ಕಲಿಯಲು ಬಿಟ್ಟಿದ್ದರು. ಗೆದ್ದದ್ದು ದಕ್ಷಿಣ ಕೊರಿಯಾದ ಒಬ್ಬ ವಿದ್ಯಾರ್ಥಿ. ಅಷ್ಟೇ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಭಾಗವಹಿಸಿದ ಐದೂವರೆ ಸಾವಿರ ತಂಡಗಳಲ್ಲಿ ಬ್ರೌನ್ ಪರಂಪರೆಯ ಸರಳ ಲೆಕ್ಕವನ್ನು ಮೀರಿಸಿದವು ಶೇ 8ರಷ್ಟೂ ಇರಲಿಲ್ಲ.

ತೂಕದ ಪ್ರಶ್ನೆಗೆ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು. ತಾಜಾ ಡೇಟಾ ಹೇಳುತ್ತಿರುವುದು ನಾವು ಅಂದುಕೊಂಡದ್ದನ್ನೇ ಏನು?

ಗೂಗಲ್ 2008ರಲ್ಲಿ ಜನರ ಹುಡುಕಾಟದ ಪದಗಳಿಂದಲೇ ಫ್ಲೂ ಜ್ವರ ಎಷ್ಟು ಹರಡಿದೆ ಎಂದು ಹೇಳುವ ಸೇವೆ ಆರಂಭಿಸಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರಕ್ಕೆ ವೈದ್ಯರಿಂದ ವರದಿ ಬಂದು ಅಂಕಿ ಪ್ರಕಟವಾಗಲು ವಾರಗಳೇ ಬೇಕು. ಗೂಗಲ್ ಬಳಿ ಇದ್ದದ್ದು ಆ ಕ್ಷಣದ ಮಾಹಿತಿ. 2009ರ ಎಚ್1ಎನ್1 ಜ್ವರದ ಮೊದಲ ಅಲೆಯನ್ನು ಅದು ಸರಿಯಾಗಿ ಹಿಡಿಯಲಿಲ್ಲ. 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳಲ್ಲಿ 100 ವಾರ ಇದ್ದದ್ದಕ್ಕಿಂತ ಹೆಚ್ಚು ಹೇಳಿತು. ಇದನ್ನು ವಿಶ್ಲೇಷಿಸಿ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಡೇವಿಡ್ ಲೇಜರ್ ಮತ್ತು ಸಂಗಡಿಗರು, ರೋಗ ನಿಯಂತ್ರಣ ಕೇಂದ್ರದ ಹಳೆಯ ಅಂಕಿಗಳನ್ನೇ ಮುಂದಕ್ಕೆ ಎಳೆದು ನೋಡಿದ್ದರೂ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತಿತ್ತು ಎಂದು ತೋರಿಸಿದರು. ಎರಡನ್ನೂ ಕೂಡಿಸಿದಾಗ ಇನ್ನೂ ಒಳ್ಳೆಯದು. ಹುಡುಕಾಟ ತಾಜಾ ಆಗಿತ್ತು ನಿಜ. ಆದರೆ ಪತ್ರಿಕೆಯಲ್ಲಿ ಜ್ವರದ ಸುದ್ದಿ ಬಂದರೆ ಆರೋಗ್ಯವಂತರೂ ಹುಡುಕುತ್ತಾರೆ, ಗೂಗಲ್ ತನ್ನ ಹುಡುಕುಪುಟವನ್ನು ತಿದ್ದಿದರೆ ಹುಡುಕುವ ರೀತಿಯೇ ಬದಲಾಗುತ್ತದೆ.

ವ್ಯಾಪಾರದಲ್ಲಿ ಇದು ದಿನವೂ ನಡೆಯುತ್ತದೆ. ದೋಸೆ ಹಿಟ್ಟಿನ ಅಂಗಡಿಯಲ್ಲಿ 60 ಪ್ಯಾಕೆಟ್ ಸಂಜೆ ಏಳಕ್ಕೇ ಮುಗಿದಿರಬಹುದು. ಆಮೇಲೆ ಬಂದು ಬರಿಗೈಲಿ ಹೋದವರು ಆಪ್‌ನ ಲೆಕ್ಕಕ್ಕೆ ಸಿಗುವುದೇ ಇಲ್ಲ. ಸರಕು ಇಲ್ಲದ ದಿನದ ಸೊನ್ನೆ ಮಾರಾಟವನ್ನು ಬೇಡಿಕೆಯೇ ಇಲ್ಲವೆಂದು ಓದಿಕೊಂಡ ಯಂತ್ರ ಮರುದಿನ ಇನ್ನೂ ಕಡಿಮೆ ತರಿಸುತ್ತದೆ. ಹೀಗೆ ತನ್ನ ಹಿಂದಿನ ತಪ್ಪೇ ಇಂದಿನ ಡೇಟಾ ಆಗಿ ಮರಳುತ್ತದೆ, ಅದೂ ಅತಿ ತಾಜಾ, ಅತಿ ಹೆಚ್ಚು ತೂಕದ ಡೇಟಾ ಆಗಿ.

ಸಾಲದ ವಿಷಯದಲ್ಲಿ ಭಾರತದ ಬ್ಯಾಂಕುಗಳಿಗೆ 2020 ಇಂಥದ್ದೇ ಒಂದು ಗಂಟನ್ನು ಕೊಟ್ಟಿತು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು. ಅದು ಕೊನೆಗೆ ಆಗಸ್ಟ್ 31ರವರೆಗೆ ನಡೆಯಿತು. ಆ ಆರು ತಿಂಗಳು ಕಂತು ಕಟ್ಟದವರನ್ನು ಸುಸ್ತಿದಾರರೆಂದು ದಾಖಲಿಸುವಂತಿರಲಿಲ್ಲ. ಸಾಲಗಾರರ ದೃಷ್ಟಿಯಿಂದ ಇದು ಅತ್ಯಗತ್ಯ ನೆರವಾಗಿತ್ತು. ಆದರೆ ಆ ದಾಖಲೆಗಳನ್ನು ಮುಂದೆ ಓದುವ ಯಂತ್ರಕ್ಕೆ, ಕೆಲಸ ಕಳೆದುಕೊಂಡು ಕಂತು ನಿಲ್ಲಿಸಿದವರೂ ಕೈಯಲ್ಲಿ ಹಣವಿದ್ದೂ ಮುನ್ನೆಚ್ಚರಿಕೆಯಿಂದ ನಿಲ್ಲಿಸಿದವರೂ ಒಂದೇ ಥರ ಕಾಣುತ್ತಾರೆ. ಆ ಅವಧಿಗೆ ತೂಕ ಹೆಚ್ಚು ಕೊಡುವುದೋ ಕಡಿಮೆ ಕೊಡುವುದೋ ಎಂಬುದಕ್ಕಿಂತ, ಅದರ ಮೇಲೆ ಗುರುತು ಹಾಕಿ ಬೇರೆ ಇಡುವುದೇ ಮೊದಲ ಕೆಲಸ. ಕೈಗಾರಿಕಾ ಉತ್ಪಾದನಾ ಸೂಚ್ಯಂಕದಲ್ಲೂ ಇದೇ ಕತೆ. 2020ರ ಏಪ್ರಿಲ್‌ನಲ್ಲಿ 54ಕ್ಕೆ ಕುಸಿದದ್ದು ಮರುವರ್ಷದ ಏಪ್ರಿಲ್‌ನಲ್ಲಿ 126.6 ಆಯಿತು. ಹಿಂದಿನ ವರ್ಷದ ಇದೇ ತಿಂಗಳಿಗೆ ಹೋಲಿಸುವ ಅಭ್ಯಾಸದ ಯಂತ್ರ ಶೇ 134ರಷ್ಟು ಬೆಳವಣಿಗೆ ಎಂದು ಕೂಗುತ್ತದೆ. ನಿಜದಲ್ಲಿ ಅದು ಬೀಗ ತೆಗೆದ ಕಾರ್ಖಾನೆಗಳ ಅಂಕಿ.

ಉದ್ದನೆಯ ಇತಿಹಾಸ ಇದ್ದರೂ ಕೈಕೊಡುವ ಸಂದರ್ಭವಿದೆ, ಅದು ನಮ್ಮ ಮುಂಗಾರಿನಷ್ಟೇ ಹತ್ತಿರದ್ದು. ಭಾರತೀಯ ಹವಾಮಾನ ಇಲಾಖೆ 1988ರಿಂದ ಹದಿನಾರು ಸೂಚಕಗಳ ಒಂದು ಮಾದರಿಯನ್ನು ಬಳಸುತ್ತಿತ್ತು. ಸಮುದ್ರದ ಉಷ್ಣತೆ, ಗಾಳಿಯ ಒತ್ತಡ, ಹಿಮಾಲಯದ ಹಿಮ ಇವೆಲ್ಲಕ್ಕೂ ಮಳೆಗೂ ದಶಕಗಳ ಡೇಟಾದಲ್ಲಿ ಕಂಡ ನಂಟೇ ಅದರ ಆಧಾರ. ಸತತ ಹಲವು ವರ್ಷ ಅದರ ಮಾತು ಸರಿಹೋಯಿತು. 2002ರಲ್ಲಿ ಅದು ಸರಾಸರಿಯ ಶೇ 101ರಷ್ಟು ಮಳೆ ಎಂದಿತು. ಬಿದ್ದದ್ದು ಶೇ 81. ದೇಶ ಬರ ಕಂಡಿತು. ಪರಿಶೀಲಿಸಿದಾಗ ಕೆಲವು ಸೂಚಕಗಳಿಗೂ ಮಳೆಗೂ ಇದ್ದ ನಂಟು ಸಡಿಲವಾಗಿತ್ತು ಎಂದು ತಿಳಿಯಿತು. 2003ರಲ್ಲಿ ಹೊಸ ಮಾದರಿಗಳು ಬಂದವು. ಹಳೆಯ ಡೇಟಾದಲ್ಲಿ ತಪ್ಪಿರಲಿಲ್ಲ. ಅದು ವರ್ಣಿಸುತ್ತಿದ್ದ ಸಂಬಂಧ ಮುಗಿದಿತ್ತು. ಬೆಳೆ ವಿಮೆಯ ಕಂತು ಕಟ್ಟುವವರೂ ಟ್ರ್ಯಾಕ್ಟರ್ ಮಾರುವವರೂ ಮುಂಗಾರನ್ನು ನೋಡಿಯೇ ಲೆಕ್ಕ ಹಾಕುವುದರಿಂದ ಇಂಥ ಸಡಿಲಿಕೆ ನೇರವಾಗಿ ವ್ಯವಹಾರಕ್ಕೆ ತಟ್ಟುತ್ತದೆ. ಸರಾಸರಿ ಎಂಬ ಅಳತೆಯೂ ನಿಂತಲ್ಲೇ ನಿಂತಿಲ್ಲ. 1961ರಿಂದ 2010ರವರೆಗಿನ ಐವತ್ತು ವರ್ಷಗಳಿಂದ ತೆಗೆದ ದೇಶದ ಮುಂಗಾರು ಸರಾಸರಿ 88 ಸೆಂಟಿಮೀಟರ್ ಇತ್ತು. 2022ರಲ್ಲಿ ಅದನ್ನು 1971–2020ಕ್ಕೆ ಸರಿಸಿದಾಗ 87 ಆಯಿತು.

ನಂಟು ಸಡಿಲವಾದದ್ದನ್ನು ಯಂತ್ರವೇ ಕಂಡುಹಿಡಿಯುವಂತೆ ಮಾಡುವ ಪ್ರಯತ್ನಗಳು ಬಹಳ ನಡೆದಿವೆ. ಸ್ಪೇನ್‌ನ ಆಲ್ಬರ್ಟ್ ಬಿಫೆಟ್ ಮತ್ತು ರಿಕಾರ್ಡ್ ಗವಾಲ್ಡಾ 2007ರಲ್ಲಿ ಸೂಚಿಸಿದ ಆಡ್ವಿನ್ ಎಂಬ ವಿಧಾನದಲ್ಲಿ ನೆನಪಿನ ಉದ್ದವನ್ನು ಯಾರೂ ಮುಂಚೆ ನಿಗದಿ ಮಾಡುವುದಿಲ್ಲ. ಹಳೆಯ ಭಾಗದ ಸರಾಸರಿಗೂ ಹೊಸ ಭಾಗದ ಸರಾಸರಿಗೂ ಆಕಸ್ಮಿಕ ಎನ್ನಲಾಗದಷ್ಟು ವ್ಯತ್ಯಾಸ ಕಂಡರೆ ಯಂತ್ರ ಹಳೆಯ ಭಾಗವನ್ನು ಕೈಬಿಡುತ್ತದೆ. ಬದಲಾವಣೆ ಕಾಣದಿದ್ದರೆ ನೆನಪನ್ನು ಬೆಳೆಯಲು ಬಿಡುತ್ತದೆ. ಇನ್ನೂ ಸರಳವಾದ, ಪ್ರತಿ ಕಂಪನಿಯೂ ಮಾಡಬಹುದಾದ ಪರೀಕ್ಷೆ ಒಂದಿದೆ. ಹಿಂದಿನ ಯಾವುದೋ ತಾರೀಖಿನಲ್ಲಿ ನಿಂತು, ಅದರ ನಂತರದ್ದೆಲ್ಲವನ್ನೂ ಮುಚ್ಚಿಟ್ಟು, ಮೂರು ತಿಂಗಳ ನೆನಪಿನ ಮಾದರಿ, ಒಂದು ವರ್ಷದ್ದು, ಐದು ವರ್ಷದ್ದು ಮೂರನ್ನೂ ಓಡಿಸಿ, ಮುಚ್ಚಿಟ್ಟ ನಿಜದೊಂದಿಗೆ ತಾಳೆ ನೋಡುವುದು. ತಾರೀಖನ್ನು ಮುಂದಕ್ಕೆ ಸರಿಸುತ್ತ ಇದನ್ನು ಹಲವು ಬಾರಿ ಮಾಡಿದರೆ, ಅಕ್ಕಿಗೆ ಉದ್ದದ ನೆನಪು, ಮೊಬೈಲ್ ಫೋನಿಗೆ ಗಿಡ್ಡ ನೆನಪು ಎಂಬಂಥ ಸಂಗತಿಗಳು ತಾವಾಗಿಯೇ ಕಾಣುತ್ತವೆ. ಬಹಳ ಕಡೆ ಈ ಪರೀಕ್ಷೆ ನಡೆಯುವುದೇ ಇಲ್ಲ. ಡೇಟಾ ಎಲ್ಲಿಂದ ಇದೆಯೋ ಅಲ್ಲಿಂದ ಎಲ್ಲವನ್ನೂ ತುಂಬಿಬಿಡುತ್ತಾರೆ.

ಭಾಷಾ ಮಾದರಿಗಳು ಬಂದ ಮೇಲೆ ಪ್ರಶ್ನೆಗೆ ಹೊಸ ತಿರುವು ಸಿಕ್ಕಿದೆ. ಇವುಗಳ ಕಲಿಕೆ ಒಂದು ತಾರೀಖಿಗೆ ನಿಲ್ಲುತ್ತದೆ. ಆಮೇಲಿನದನ್ನು ತಿಳಿಸಲು ಕಂಪನಿಗಳು ತಮ್ಮ ಸುತ್ತೋಲೆ, ದರಪಟ್ಟಿಗಳನ್ನು ಅವುಗಳ ಕೈಗೆ ಕೊಡುತ್ತವೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12 ಮತ್ತು ಶೇ 28ರ ಹಂತಗಳು ಹೋಗಿ, ಬಹುತೇಕ ಸರಕುಗಳು ಶೇ 5 ಅಥವಾ ಶೇ 18ಕ್ಕೆ ಬಂದವು. ಎ.ಸಿ., ದೊಡ್ಡ ಟಿ.ವಿ., ಸಣ್ಣ ಕಾರುಗಳ ಮೇಲಿನ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಹಳೆಯ ಸುತ್ತೋಲೆಯನ್ನೇ ಓದಿ ಉತ್ತರಿಸುವ ಯಂತ್ರ ಇವತ್ತಿನ ಬಿಲ್ಲಿಗೆ ತಪ್ಪು ದರ ಹೇಳುತ್ತದೆ. ಹಾಗೆಂದು ಹಳೆಯ ಸುತ್ತೋಲೆಯನ್ನು ಅಳಿಸುವಂತಿಲ್ಲ, ಆಗಸ್ಟ್‌ನ ಬಿಲ್ಲಿನ ಬಗ್ಗೆ ತಕರಾರು ಬಂದರೆ ಅದೇ ಸರಿ. ಇಲ್ಲಿ ವಯಸ್ಸಿಗೆ ತಕ್ಕ ತೂಕ ಎಂಬ ಲೆಕ್ಕವೇ ನಡೆಯುವುದಿಲ್ಲ. ಒಂದೊಂದು ಕಾಗದಕ್ಕೂ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬ ಗುರುತು ಬೇಕು.

ಆ ಸೆಪ್ಟೆಂಬರ್ ಬೇಡಿಕೆಯ ಅಂದಾಜು ಮಾಡುವವರಿಗೂ ಒಂದು ಅಪರೂಪದ ಒಗಟನ್ನು ಬಿಟ್ಟುಹೋಗಿದೆ. ತೆರಿಗೆ ಬದಲಾವಣೆಯ ಸುಳಿವು ಆಗಸ್ಟ್ 15ರಂದೇ ಪ್ರಧಾನಿಯ ಭಾಷಣದಲ್ಲಿ ಬಂದಿತ್ತು. ಟಿ.ವಿ., ಕಾರು ಕೊಳ್ಳಬೇಕಿದ್ದವರು ಕಾದರು, ಮಾರಾಟ ತಗ್ಗಿತು. ಹೊಸ ದರ ಜಾರಿಗೆ ಬಂದ ದಿನವೇ ನವರಾತ್ರಿ ಆರಂಭ. ತಡೆದಿಟ್ಟ ಬೇಡಿಕೆ, ಇಳಿದ ಬೆಲೆ, ದಸರಾ ಖರೀದಿ ಮೂರೂ ಒಂದೇ ದಿನ ಬಾಗಿಲು ತಟ್ಟಿದವು. ಏರಿದ ಮಾರಾಟದಲ್ಲಿ ಯಾವುದರ ಪಾಲೆಷ್ಟು ಎಂದು ಆ ಅಂಕಿಗಳಿಂದ ಬಿಡಿಸಲಾಗದು.

ಹಬ್ಬದ ಲೆಕ್ಕ ಮೊದಲೇ ಸುಲಭದ್ದಲ್ಲ. ನರಕ ಚತುರ್ದಶಿ 2023ರಲ್ಲಿ ನವೆಂಬರ್ 12, 2024ರಲ್ಲಿ ಅಕ್ಟೋಬರ್ 31, 2025ರಲ್ಲಿ ಅಕ್ಟೋಬರ್ 20. ಹೋದ ವರ್ಷದ ಅಕ್ಟೋಬರ್‌ಗೆ ಈ ವರ್ಷದ ಅಕ್ಟೋಬರ್ ಹೋಲಿಸುವ, ಪಾಶ್ಚಾತ್ಯ ಕ್ಯಾಲೆಂಡರ್‌ಗೆ ಒಗ್ಗಿದ ಸಾಫ್ಟ್‌ವೇರ್ ಪ್ರತಿ ವರ್ಷವೂ ಎಡವುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ನವರಾತ್ರಿ ಅಕ್ಟೋಬರ್ 11ಕ್ಕೆ, ನರಕ ಚತುರ್ದಶಿ ನವೆಂಬರ್ 8ಕ್ಕೆ ಸರಿಯುತ್ತವೆ. ಅಧಿಕ ಮಾಸದಲ್ಲಿ ಮದುವೆಗಳಿಲ್ಲ, ಹಾಗಾಗಿ ರೇಷ್ಮೆ ಸೀರೆ, ಚಿನ್ನ, ಛತ್ರಗಳ ವ್ಯವಹಾರಕ್ಕೂ ಪೆಟ್ಟು. ಯಂತ್ರ ಇದನ್ನು ಹಳೆಯ ಡೇಟಾದಿಂದ ಕಲಿಯಲಿ ಎಂದರೆ, ಇದಕ್ಕೂ ಹಿಂದಿನ ಎರಡು ಅಧಿಕ ಮಾಸಗಳಲ್ಲಿ ಒಂದು 2023ರ ಶ್ರಾವಣ, ಇನ್ನೊಂದು 2020ರ ಆಶ್ವಯುಜ, ಅಂದರೆ ಕೋವಿಡ್ ವರ್ಷದ್ದು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ ಬರುವ ಪೂರ್ತಿ ಚಕ್ರವನ್ನು ಕಾಣಲು ಹೊರಟರೆ 2007ಕ್ಕೆ ಹೋಗಬೇಕು. ಭಾರತದ ಆನ್‌ಲೈನ್ ವ್ಯಾಪಾರದ ಮೊದಲ ದೊಡ್ಡ ಕಂಪನಿಗಳಲ್ಲಿ ಒಂದಾದ ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಶುರುವಾದ ವರ್ಷ ಅದು.

ಇದನ್ನು ಡೇಟಾದಿಂದ ಕಲಿಯಬೇಕಾದ ಅಗತ್ಯವೂ ಇಲ್ಲ, ಪಂಚಾಂಗದಲ್ಲಿ ಮುಂದಿನ ವರ್ಷಗಳ ಹಬ್ಬಗಳೆಲ್ಲ ಮೊದಲೇ ಲೆಕ್ಕವಾಗಿರುತ್ತವೆ. ಮೆಟಾ ಕಂಪನಿ, ಅಂದರೆ ಆಗಿನ ಫೇಸ್‌ಬುಕ್, 2017ರಲ್ಲಿ ಉಚಿತವಾಗಿ ಬಿಟ್ಟ ಪ್ರಾಫೆಟ್ ಎಂಬ ಮುನ್ನೋಟ ಸಾಧನದಲ್ಲಿ ಇಂಥ ಹಬ್ಬದ ಪಟ್ಟಿಯನ್ನು ಕೈಯಾರೆ ಕೊಡಲು ಜಾಗವಿದೆ. ಹಬ್ಬಕ್ಕೆ ಇಷ್ಟು ದಿನ ಮುಂಚೆ, ಇಷ್ಟು ದಿನ ನಂತರ ಎಂಬ ಅಳತೆಗೆ ಹಳೆಯ ಮಾರಾಟವನ್ನೆಲ್ಲ ತಿರುಗಿಸಿ ಜೋಡಿಸಿದರೆ, 2018ರ ದೀಪಾವಳಿಯೂ 2024ರ ದೀಪಾವಳಿಯೂ ಒಂದರ ಮೇಲೊಂದು ಕೂರುತ್ತವೆ, ಹಳೆಯ ಅಂಕಿಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಉಳಿಯುವ ತೊಡಕು 2025 ಒಂದೇ. ಟಿ.ವಿ.ಗೆ ಆರ್ಡರ್ ಕೊಡುವವರು ಅದನ್ನು ಸೇರಿಸಿ ಒಂದು ಅಂದಾಜು, ಬಿಟ್ಟು ಇನ್ನೊಂದು ಅಂದಾಜು ತೆಗೆದು, ಎರಡರಲ್ಲಿ ಸಣ್ಣದರಷ್ಟು ಸರಕನ್ನು ಮೊದಲೇ ತರಿಸಿ, ಉಳಿದದ್ದಕ್ಕೆ ನವರಾತ್ರಿಯ ಮೊದಲ ನಾಲ್ಕು ದಿನದ ಮಾರಾಟ ನೋಡಿ ಆರ್ಡರ್ ಹಾಕಬಹುದು. ಸೆಪ್ಟೆಂಬರ್ ಕೊನೆಯೊಳಗೆ ಅವರು ಸರಬರಾಜುದಾರರಿಂದ ಕೇಳಿ ತಿಳಿಯಬೇಕಾದದ್ದು, ಎರಡನೇ ಆರ್ಡರಿನ ಸರಕು ಗೋದಾಮಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು.